ಕೆರೆ, ಬೆಟ್ಟ, ಕೋಟೆಮನೆ ಇರೋ ಕ್ಯಾಂಪಸ್ಸಲ್ಲಿ ಬಿಸಿನೆಸ್ ಮಾಸ್ಟರ್ಸ್: ಜಾಗ ನೋಡಿ ಹೋಗೋದು ತಪ್ಪಾ?

ಪ್ರಶ್ನೆ: ಸರ್, ನಂಗೆ 24 ವರ್ಷ, ಬಿಕಾಂ ಆಗಿದೆ, ಎರಡು ವರ್ಷದಿಂದ ಒಂದು ಸಣ್ಣ ಕಂಪನಿಲಿ ಅಕೌಂಟ್ಸ್ ನೋಡ್ಕೋತಿದೀನಿ. 2026ರ ಸೆಪ್ಟೆಂಬರ್‌ಗೆ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಯೂನಿವರ್ಸಿಟಿಯಿಂದ ಬಿಸಿನೆಸ್ ಎಂಎಸ್ಸಿಗೆ ಆಫರ್ ಬಂದಿದೆ, ಗ್ಲಾಸ್ಗೋ ಸಿಟಿ ಒಳಗಿರೋ ಇನ್ನೊಂದು ಯೂನಿವರ್ಸಿಟಿಯಿಂದಾನೂ ಬಂದಿದೆ. ಸ್ಟರ್ಲಿಂಗ್ ಕ್ಯಾಂಪಸ್ ಫೋಟೋ ನೋಡಿದಾಗಿಂದ ಮನಸ್ಸು ಅಲ್ಲೇ ಕೂತಿದೆ. ಅಣ್ಣ ಮಾತ್ರ "ಓದೋಕೆ ಹೋಗ್ತಿದೀಯಾ, ಟೂರಿಗಾ" ಅಂತ ರೇಗಿಸ್ತಾನೆ. ಜಾಗ ಚೆನ್ನಾಗಿದೆ ಅಂತ ಸೇರೋದು ತಪ್ಪಾ? ಸೇರಿದ್ರೆ ಹಾಸ್ಟೆಲ್ಲಲ್ಲಿ ಇರ್ಲಾ, ಹೊರಗೆ ರೂಮ್ ಮಾಡ್ಲಾ?

ಉತ್ತರ: ತಪ್ಪೇನಲ್ಲಮ್ಮ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತ ಗಾದೆ ಹೇಳಿ ಒಂದೇ ಸಾಲಲ್ಲಿ ಮುಗಿಸಬಹುದಿತ್ತು, ಆದ್ರೆ ಇಲ್ಲಿ ತೊಂದ್ರೆ ಏನಂದ್ರೆ ಬೆಟ್ಟ ಹತ್ರ ಹೋದ್ರೂ ನುಣ್ಣಗೇ ಇದೆ. ಫೋಟೋ ಸುಳ್ಳಲ್ಲ. ಸುಮಾರು 330 ಎಕರೆ ಜಾಗ, ಮಧ್ಯೆ ಏರ್ಥ್ರಿ ಅನ್ನೋ ಕೆರೆ (ಅವರು ಲಾಖ್ ಅಂತಾರೆ, ತಾನಾಗೇ ಆಗಿದ್ದಲ್ಲ, ನಮ್ಮ ಕೆರೆಗಳ ಥರ ಜನ ಕಟ್ಟಿದ್ದೇ), ಅದರಲ್ಲಿ ಹಂಸ, ಪಕ್ಕದಲ್ಲಿ 1791ರ ಏರ್ಥ್ರಿ ಕ್ಯಾಸಲ್, ಹಿಂದೆ ಓಕಿಲ್ ಬೆಟ್ಟಸಾಲು, ಇನ್ನೊಂದು ಕಡೆ ಗುಡ್ಡದ ಮೇಲೆ ಸ್ಕಾಟ್ಲೆಂಡಿನ ಹಳೇ ಕಾಲದ ವೀರ ವಾಲೇಸ್ ನೆನಪಿಗೆ 1869ರಲ್ಲಿ ಕಟ್ಟಿ ಮುಗಿಸಿದ ಸ್ಮಾರಕ. ಕ್ಲಾಸ್ ಮುಗಿಸ್ಕೊಂಡು ಡಮಾಯಟ್ ಅನ್ನೋ 418 ಮೀಟರ್ ಬೆಟ್ಟ ಹತ್ತಿ ಇಳಿದು ಊಟದ ಹೊತ್ತಿಗೆ ರೂಮಿಗೆ ಬರೋ ಹುಡುಗರಿದಾರೆ. ಇದನ್ನೆಲ್ಲ ನೋಡಿ ಮನಸ್ಸು ಹೋಗಿಲ್ಲ ಅಂದಿದ್ರೇನೇ ನಂಗೆ ಅನುಮಾನ ಬರ್ತಿತ್ತು.

ಇಂಥ ಕ್ಯಾಂಪಸ್‌ಗಳು ಊರಾಚೆ ಯಾಕೆ ಬಂದ್ವು ಅಂತ ಒಂಚೂರು ಗೊತ್ತಿದ್ರೆ ಒಳ್ಳೇದು. 1960ರ ದಶಕದಲ್ಲಿ ಬ್ರಿಟನ್ ಸರ್ಕಾರ ಕಾಲೇಜು ಸೀಟು ಜಾಸ್ತಿ ಮಾಡಬೇಕು ಅಂತ ಹೊಸ ಯೂನಿವರ್ಸಿಟಿಗಳನ್ನ ಕಟ್ಟಿಸ್ತು, ಅದಕ್ಕೆ ದೊಡ್ಡ ಜಾಗ ಬೇಕಾಯ್ತು, ದೊಡ್ಡ ಜಾಗ ಊರ ಮಧ್ಯೆ ಎಲ್ಲಿ ಸಿಗತ್ತೆ? ಹಳೇ ಜಮೀನ್ದಾರರ ಎಸ್ಟೇಟು, ಊರಂಚಿನ ಹೊಲ, ಗುಡ್ಡ, ಇಂಥ ಕಡೆ ಕಟ್ಟಿದ್ರು. ಲ್ಯಾಂಕಾಸ್ಟರ್ (1964) ಹೀಗೇ, ವಾರ್ವಿಕ್ (1965) ಹೀಗೇ, ಅದಂತೂ ವಾರ್ವಿಕ್ ಊರಲ್ಲೇ ಇಲ್ಲ, ಕವೆಂಟ್ರಿ ಅಂಚಲ್ಲಿದೆ, ಹೆಸರು ನಂಬ್ಕೊಂಡು ಬೇರೆ ಸ್ಟೇಷನ್ನಲ್ಲಿ ಇಳಿದವರ ಕಥೆ ಪ್ರತಿ ವರ್ಷ ಕೇಳ್ತೀನಿ. ಸ್ಟರ್ಲಿಂಗ್ 1967ರದ್ದು. ಅಂದ್ರೆ ಆ ಸೌಂದರ್ಯ ಬಿಸಿನೆಸ್ ಓದೋರಿಗೆ ಅಂತ ಯಾರೂ ಪ್ಲಾನ್ ಮಾಡಿದ್ದಲ್ಲ, ಜಾಗ ಸಿಕ್ಕಿದ ಕಡೆ ಬಂದಿದ್ದು. ಹಾಗಂತ ಅದು ನಿಮ್ಮ ಓದಿಗೆ ಸಂಬಂಧಾನೇ ಇಲ್ಲ ಅಂತಲ್ಲ, ಸಂಬಂಧ ಇದೆ, ಆದ್ರೆ ನೀವು ಅಂದ್ಕೊಂಡಿರೋ ಕಡೆ ಇಲ್ಲ. ಅಣ್ಣ ಕೇಳ್ತಿರೋ ಪ್ರಶ್ನೆ ಬಿಡಿ, ನಾನು ಕೇಳೋದು ಒಂದೇ: ಡಿಸರ್ಟೇಷನ್ (ಕೋರ್ಸ್ ಕೊನೇಲಿ ಬರಿಯೋ ದೊಡ್ಡ ಪ್ರಬಂಧ) ಸಬ್ಮಿಟ್ ಮಾಡಿದ ಮಾರನೇ ಸೋಮವಾರ ನೀವು ಏನ್ ಮಾಡ್ತಿರ್ತೀರಾ? ಇದಕ್ಕೆ ಉತ್ತರ ಸಿಕ್ಕಿದ್ರೆ ಕೆರೆ ಪ್ಲಸ್ಸೋ ಮೈನಸ್ಸೋ ತಾನಾಗೇ ಗೊತ್ತಾಗತ್ತೆ.

ಮೊದ್ಲು ಆ ಒಂದು ವರ್ಷ ಹೆಂಗಿರತ್ತೆ ನೋಡಿ. ಬ್ರಿಟನ್ನಿನ ಮಾಸ್ಟರ್ಸ್ 180 ಕ್ರೆಡಿಟ್ಟು, ಒಂದು ಕ್ರೆಡಿಟ್ಟಿಗೆ 10 ಗಂಟೆ ಕೆಲಸ ಅಂತ ಲೆಕ್ಕ, ಒಟ್ಟು 1,800 ಗಂಟೆ, ಅದರಲ್ಲಿ ಸಾಮಾನ್ಯವಾಗಿ 60 ಕ್ರೆಡಿಟ್ಟು ಬರೀ ಡಿಸರ್ಟೇಷನ್ನಿಗೆ. ಕ್ಲಾಸಲ್ಲಿ ಕೂರೋದು ಬಹಳ ಕಮ್ಮಿ, ಮಿಕ್ಕಿದ್ದೆಲ್ಲ ಓದೋದು, ಬರಿಯೋದು, ಗ್ರೂಪ್ ಅಸೈನ್ಮೆಂಟಲ್ಲಿ ಮೆಸೇಜಿಗೆ ರಿಪ್ಲೈ ಮಾಡದಿರೋ ನಾಲ್ಕನೇ ಮೆಂಬರನ್ನ ಹುಡ್ಕೋದು. ಪಾಸ್ ಮಾರ್ಕ್ 50, 60ರ ಮೇಲೆ ಮೆರಿಟ್, 70ರ ಮೇಲೆ ಡಿಸ್ಟಿಂಕ್ಷನ್. ಮೊದಲ ಅಸೈನ್ಮೆಂಟಲ್ಲಿ 62 ಬಂತು ಅಂತ ಅಳ್ತಾ ಫೋನ್ ಮಾಡ್ತಾರೆ ನಮ್ಮ ಹುಡುಗ್ರು, ಅದು ಅಲ್ಲಿ ಒಳ್ಳೇ ಮಾರ್ಕು ಅಂತ ನಂಬಿಸೋಕೆ ಹತ್ತು ನಿಮಿಷ ಬೇಕು. ಇಷ್ಟೊಂದು ಒಂಟಿಯಾಗಿ ಕೂತು ಮಾಡೋ ಕೆಲಸಕ್ಕೆ ಶಾಂತ ಜಾಗ, ನಡಿಯೋಕೆ ದಾರಿ, ಹತ್ತು ನಿಮಿಷದಲ್ಲಿ ರೂಮಿಂದ ಲೈಬ್ರರಿ, ಇವೆಲ್ಲ ನಿಜವಾಗ್ಲೂ ಹೆಲ್ಪ್ ಆಗತ್ತೆ, ಇದನ್ನ ಐಷಾರಾಮಿ ಅಂತ ತಳ್ಳಿಹಾಕೋರು ಸಿಟಿ ಬಸ್ಸಲ್ಲಿ ನಿಂತ್ಕೊಂಡು ಡಿಸರ್ಟೇಷನ್ ಬರೆದಿಲ್ಲ ಅಂತಾನೇ ಅರ್ಥ.

ಆದ್ರೆ ಅದೇ ವರ್ಷದೊಳಗೆ ಇನ್ನೊಂದು ಕ್ಯಾಲೆಂಡರ್ ಓಡ್ತಿರತ್ತೆ, ಅದನ್ನ ಬ್ರೋಷರಲ್ಲಿ ದಪ್ಪಕ್ಷರದಲ್ಲಿ ಹಾಕಲ್ಲ. ದೊಡ್ಡ ಕಂಪನಿಗಳು ಹೊಸದಾಗಿ ಓದು ಮುಗಿಸಿದವರನ್ನ ತಗೊಳ್ಳೋಕೆ ನಡೆಸೋ ಗ್ರಾಜುಯೇಟ್ ಸ್ಕೀಮ್ ಅಂತಾರಲ್ಲ, ಅದರ ಅಪ್ಲಿಕೇಷನ್ನು ಆಗಸ್ಟ್, ಸೆಪ್ಟೆಂಬರಲ್ಲೇ ಶುರುವಾಗತ್ತೆ, ಎಷ್ಟೋ ಅಕ್ಟೋಬರ್, ನವೆಂಬರಲ್ಲಿ ಮುಗಿದೂ ಹೋಗತ್ತೆ. ಅಂದ್ರೆ ನೀವು ಸೂಟ್‌ಕೇಸ್ ಬಿಚ್ಚಿ, ಬ್ಯಾಂಕ್ ಅಕೌಂಟ್ ಮಾಡಿಸಿ, ಹಂಸದ ಜೊತೆ ಸೆಲ್ಫಿ ತಗೊಂಡು, ಮೊದಲ ಅಸೈನ್ಮೆಂಟಿನ ಗಾಬರಿಲಿ ಇರೋ ವಾರಗಳಲ್ಲೇ ಮುಂದಿನ ವರ್ಷದ ಕೆಲಸದ ಬಾಗಿಲು ಅರ್ಧ ಮುಚ್ಚಿರತ್ತೆ. ಸಿಟಿ ಯೂನಿವರ್ಸಿಟಿಲಿ ಸಂಜೆ ಒಂದು ಎಂಪ್ಲಾಯರ್ ಕಾರ್ಯಕ್ರಮ ಇದ್ರೆ ನಡ್ಕೊಂಡು ಹೋಗಿ ಬರಬಹುದು, ಊರಾಚೆ ಕ್ಯಾಂಪಸ್ಸಿಂದ ಅದೇ ಸಂಜೆ ಬಸ್ಸು, ಟ್ರೈನು, ಮತ್ತೆ ಬಸ್ಸು. ಡಿಸೆಂಬರಲ್ಲಿ ಅಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿನೊಳಗೆ ಸೂರ್ಯ ಮುಳುಗಿಬಿಡ್ತಾನೆ, ಬೆಳಿಗ್ಗೆ ಎಂಟೂವರೆ ದಾಟಿದ್ರೂ ಬಂದಿರಲ್ಲ. ಕತ್ತಲಲ್ಲಿ, ಮಳೆಲಿ, "ಇವತ್ತೊಂದಿನ ಬಿಡೋಣ" ಅನ್ಸತ್ತೆ. ಆ ಒಂದು ದಿನ ಒಂದೇ ದಿನ ಆಗಿ ಉಳಿಯಲ್ಲ, ಅದೇ ಸಮಸ್ಯೆ.

ನಾನೂ ಇಂಥದ್ದೇ ಒಂದು ಕ್ಯಾಂಪಸ್ಸಲ್ಲಿ ಓದಿದೋನು, ಬೇರೆ ಊರು, ಹೆಸರು ಬೇಡ. ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಿಟಿಲಿ ಅಸೆಸ್ಮೆಂಟ್ ಸೆಂಟರ್ (ಕೆಲಸಕ್ಕೆ ಆರಿಸೋಕೆ ಕಂಪನಿ ನಡೆಸೋ ಪರೀಕ್ಷೆ, ಇಂಟರ್‌ವ್ಯೂ) ಇತ್ತು, ಹಿಂದಿನ ರಾತ್ರಿ ಶರ್ಟ್ ಇಸ್ತ್ರಿ ಮಾಡಿ, ಬಸ್ ಟೈಮ್ ಮೂರು ಸಲ ನೋಡಿ, ಆರೂವರೆಗೆ ಸ್ಟಾಪಲ್ಲಿ ನಿಂತೆ. ಬಸ್ಸಿಲ್ಲ. ಇಪ್ಪತ್ತು ನಿಮಿಷ ಆದ್ಮೇಲೆ ಕಂಬಕ್ಕೆ ಅಂಟಿಸಿದ ಹಾಳೆನ ಮೊಬೈಲ್ ಬೆಳಕಲ್ಲಿ ಓದಿದ್ರೆ, ಅವತ್ತು ಬ್ಯಾಂಕ್ ಹಾಲಿಡೇ, ಅಂದ್ರೆ ಅಲ್ಲಿ ಎಲ್ಲರಿಗೂ ಸಾರ್ವತ್ರಿಕ ರಜೆ, ಭಾನುವಾರದ ಟೈಮ್‌ಟೇಬಲ್, ಮೊದಲ ಬಸ್ಸು ಎಂಟೂ ಹತ್ತಕ್ಕೆ. ಬ್ಯಾಂಕ್ ಹಾಲಿಡೇ ದಿನ ಅಸೆಸ್ಮೆಂಟ್ ಇಟ್ಟ ಆ ಪುಣ್ಯಾತ್ಮರನ್ನೂ ಬೈದೆ, ನನ್ನನ್ನೂ ಬೈಕೊಂಡೆ. ಟ್ಯಾಕ್ಸಿ ಸಿಗೋ ಹೊತ್ತಿಗೆ ಟ್ರೈನ್ ಹೋಗಿತ್ತು. ಹಿಂದೆ ತಿರುಗಿ ನೋಡಿದ್ರೆ ಕ್ಯಾಂಪಸ್ ಮೇಲೆ ಮಂಜು ಎಷ್ಟು ಚೆನ್ನಾಗಿ ಕೂತಿತ್ತು ಗೊತ್ತಾ, ಒಂದು ಫೋಟೋ ತೆಗಿಯೋಕೂ ಮನಸ್ಸು ಬರ್ಲಿಲ್ಲ.

ಇದಕ್ಕೆ ಹೋಲಿಸಿದ್ರೆ ಸ್ಟರ್ಲಿಂಗ್ ಅಷ್ಟೇನೂ ದೂರ ಅಲ್ಲ ಅನ್ನೋದನ್ನೂ ಹೇಳ್ಬೇಕು. ಎಡಿನ್‌ಬರಾ, ಗ್ಲಾಸ್ಗೋ ಎರಡಕ್ಕೂ ನೇರ ಟ್ರೈನ್ ಇದೆ, ಎರಡೂ ಒಂದು ಗಂಟೆ ಒಳಗೆ. ಎಡಿನ್‌ಬರಾಲಿ ಬ್ಯಾಂಕು, ಫಂಡ್ ಮ್ಯಾನೇಜ್ಮೆಂಟ್ ಕಂಪನಿಗಳು ತುಂಬ ಇವೆ, ನ್ಯಾಟ್‌ವೆಸ್ಟ್ ಗ್ರೂಪಿನ ಹೆಡ್ ಆಫೀಸೇ ಅಲ್ಲಿ, ಗ್ಲಾಸ್ಗೋಲಿ ಜೆಪಿ ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿ, ಬಾರ್ಕ್ಲೇಸ್ ಇವರೆಲ್ಲರ ದೊಡ್ಡ ಆಫೀಸಿವೆ. ಮ್ಯಾಪಲ್ಲಿ ನೋಡಿದ್ರೆ ಸ್ಟರ್ಲಿಂಗ್ ಎರಡರ ಮಧ್ಯೆ. ಆದ್ರೆ ಊರು ಮಾತ್ರ ಸಣ್ಣದು, 2002ರಲ್ಲಿ ಸಿಟಿ ಅಂತ ಹೆಸರು ಸಿಕ್ಕಿತು ಅಷ್ಟೇ. ಓದ್ತಾ ಓದ್ತಾ ಪಾರ್ಟ್‌ಟೈಮ್ ಮಾಡ್ತೀನಿ ಅಂತ ಲೆಕ್ಕ ಹಾಕಿದ್ರೆ, ಒಂದೇ ಥರದ ಕೆಲಸಕ್ಕೆ ಇಡೀ ಕ್ಯಾಂಪಸ್ಸಿನ ಹುಡುಗರು ಸಿವಿ ಹಿಡ್ಕೊಂಡು ನಿಂತಿರ್ತಾರೆ, ಗ್ಲಾಸ್ಗೋಲಿ ಕೆಲಸಾನೂ ಜಾಸ್ತಿ, ಸ್ಪರ್ಧೆನೂ ಜಾಸ್ತಿ. ಇನ್ನೊಂದು ವಿಷ್ಯ, ಇದು ಎರಡೂ ಕಡೆ ಒಂದೇ: ಸ್ಟೂಡೆಂಟ್ ವೀಸಾಲಿ ವಾರಕ್ಕೆ 20 ಗಂಟೆ ಮಿತಿ, ಮತ್ತೆ ಬೇಸಿಗೆ ಬಂದಾಕ್ಷಣ ಅದು ಸಡಿಲ ಆಗಲ್ಲ, ಯಾಕಂದ್ರೆ ಮಾಸ್ಟರ್ಸ್‌ನವರಿಗೆ ಡಿಸರ್ಟೇಷನ್ ಬರಿಯೋ ತಿಂಗಳುಗಳೂ ಟರ್ಮ್ ಅಂತಾನೇ ಲೆಕ್ಕ. ಬೇಸಿಗೆ ಮೂರು ತಿಂಗಳು ಫುಲ್‌ಟೈಮ್ ದುಡಿದು ಸಾಲ ಇಳಿಸ್ತೀನಿ ಅಂತ ಬಜೆಟ್ ಹಾಕಿದವರು ಜೂನಲ್ಲಿ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಾರೆ.

ದುಡ್ಡಿನ ವಿಷ್ಯಕ್ಕೆ ಬಂದೆವಲ್ಲ, ಫೀಸು ನಿಮ್ಮ ಆಫರ್ ಲೆಟರಲ್ಲೇ ಇದೆ, ಅದರಾಚೆದು ಹೇಳ್ತೀನಿ. 2025ರ ನವೆಂಬರ್ 11ರಿಂದ ಲಂಡನ್ ಹೊರಗೆ ಓದೋರು ವೀಸಾಗೆ ಅರ್ಜಿ ಹಾಕುವಾಗ ಖರ್ಚಿಗೆ ಅಂತ ತಿಂಗಳಿಗೆ 1,171 ಪೌಂಡಿನಂತೆ ಒಂಬತ್ತು ತಿಂಗಳದ್ದು, ಅಂದ್ರೆ 10,539 ಪೌಂಡ್ ತೋರಿಸ್ಬೇಕು, ಅದು ಅಕೌಂಟಲ್ಲಿ ಸತತ 28 ದಿನ ಇರ್ಬೇಕು, ನಡುವೆ ಒಂದು ದಿನ ಕಮ್ಮಿಯಾದ್ರೂ ತೊಂದ್ರೆ. ಕೋರ್ಸು 12 ತಿಂಗಳದ್ದಾದ್ರೆ ಹೆಲ್ತ್ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ವೀಸಾ ಜೊತೆ ಕಟ್ಟೋ ದುಡ್ಡು) ಸಾಮಾನ್ಯವಾಗಿ 1,164 ಪೌಂಡ್ ಆಗತ್ತೆ: ವರ್ಷಕ್ಕೆ 776, ಮೇಲಿನ ತಿಂಗಳುಗಳಿಗೆ ಅರ್ಧ. ಇದರಲ್ಲಿ ಸ್ಟರ್ಲಿಂಗಿಗೂ ಗ್ಲಾಸ್ಗೋಗೂ ಒಂದು ಪೌಂಡ್ ವ್ಯತ್ಯಾಸ ಇಲ್ಲ, ಹಾಗಾಗಿ ಸಣ್ಣ ಊರು ಅಂತ ವೀಸಾಗೆ ಕಮ್ಮಿ ತೋರಿಸ್ಬಹುದು ಅನ್ನೋ ಕನ್ಸಲ್ಟೆನ್ಸಿ ಮಾತು ಕೇಳ್ಬೇಡಿ.

ಈಗ ಆ ಸೋಮವಾರಕ್ಕೆ ಬರೋಣ. 2026ರ ಸೆಪ್ಟೆಂಬರಲ್ಲಿ ಸೇರಿದ್ರೆ ಮುಗಿಯೋದು 2027ರಲ್ಲಿ. 2027ರ ಜನವರಿ 1ರಿಂದ ಗ್ರಾಜುಯೇಟ್ ವೀಸಾಗೆ (ಓದು ಮುಗಿದ್ಮೇಲೆ ಅಲ್ಲೇ ಇದ್ದು ಕೆಲಸ ಮಾಡೋಕೆ ಕೊಡೋ ವೀಸಾ) ಅರ್ಜಿ ಹಾಕೋ ಮಾಸ್ಟರ್ಸ್‌ನವರಿಗೆ ಸಿಗೋದು ಎರಡು ವರ್ಷ ಅಲ್ಲ, 18 ತಿಂಗಳು. ನಿಮ್ಮ ಸೀನಿಯರ್ಸ್ ಹೇಳೋ "ಎರಡು ವರ್ಷ ಇದ್ಯಲ್ಲ, ನಿಧಾನಕ್ಕೆ ಹುಡುಕಿದ್ರಾಯ್ತು" ನಿಮಗೆ ಹೊಂದಲ್ಲ. ಆಮೇಲೂ ಅಲ್ಲೇ ಇರ್ಬೇಕು ಅಂದ್ರೆ ಸ್ಕಿಲ್ಡ್ ವರ್ಕರ್ ವೀಸಾ, ಅದಕ್ಕೆ 2025ರ ಜುಲೈ 22ರಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ನಿಮ್ಮಂಥ ಹೊಸಬರಿಗೆ ರಿಯಾಯಿತಿ ಮಿತಿ 33,400, ಆ ಹುದ್ದೆಯ ನಿಗದಿತ ದರದ ಶೇ. 70 ಅದಕ್ಕಿಂತ ಜಾಸ್ತಿ ಇದ್ರೆ ಅದೇ ಲೆಕ್ಕಕ್ಕೆ ಬರತ್ತೆ. ಜೊತೆಗೆ ಕಂಪನಿ ಹತ್ರ ಸ್ಪಾನ್ಸರ್ ಲೈಸೆನ್ಸ್, ಅಂದ್ರೆ ಹೊರದೇಶದವರನ್ನ ಕೆಲಸಕ್ಕೆ ತಗೊಳ್ಳೋಕೆ ಸರ್ಕಾರದ ಪರವಾನಗಿ ಇರ್ಬೇಕು. ಈ ಸಂಬಳ, ಈ ಲೈಸೆನ್ಸು ಎರಡೂ ಇರೋ ಕೆಲಸ ಎಲ್ಲಿರತ್ತೆ ಅಂತ ನಾನು ಹೇಳ್ಬೇಕಾಗಿಲ್ಲ, ದೊಡ್ಡ ಸಿಟಿಲಿ. ಹಾಗಾಗಿ ಸೋಮವಾರದ ಉತ್ತರ "ಅಲ್ಲೇ ಕೆಲಸ ಹುಡುಕ್ತಿರ್ತೀನಿ" ಅಂತಾದ್ರೆ, ಓದೋ ವರ್ಷದಲ್ಲೇ ಸಿಟಿಲಿ ಕಾಲಿಟ್ಟು ಮುಖಪರಿಚಯ ಮಾಡ್ಕೊಂಡಿರೋದಕ್ಕೆ ಬೆಲೆ ಇದೆ. ಉತ್ತರ "ವಾಪಸ್ ಬಂದು ಇಲ್ಲೇ ಮೇಲಿನ ಹುದ್ದೆಗೆ ಟ್ರೈ ಮಾಡ್ತೀನಿ" ಅಂತಾದ್ರೆ, ಅಲ್ಲಿನ ಎಂಪ್ಲಾಯರ್ ಹತ್ರ ಇದ್ರೂ ದೂರ ಇದ್ರೂ ಅಷ್ಟೇನೂ ವ್ಯತ್ಯಾಸ ಬೀಳಲ್ಲ, ಆಗ ಒಳ್ಳೇ ಮೇಷ್ಟ್ರು, ಶಾಂತ ಜಾಗ, ಮುಗಿಸೋ ಧೈರ್ಯ ಮುಖ್ಯ.

ಮೇಷ್ಟ್ರು ಅಂದೆ ನೋಡಿ, ಅದು ಬಹಳ ಜನ ನೋಡದೇ ಇರೋ ವಿಷ್ಯ. ಸ್ಟರ್ಲಿಂಗಲ್ಲಿ ಸೋಷಿಯಲ್ ಮಾರ್ಕೆಟಿಂಗ್ ಅಂಡ್ ಹೆಲ್ತ್ ಅನ್ನೋ ಇನ್‌ಸ್ಟಿಟ್ಯೂಟ್ ಇದೆ, ಸಿಗರೇಟು, ಮದ್ಯ, ಜಂಕ್ ಫುಡ್ ಕಂಪನಿಗಳು ಜನರಿಗೆ ಹೆಂಗೆ ಮಾರ್ಕೆಟಿಂಗ್ ಮಾಡ್ತಾವೆ, ಅದರಿಂದ ಏನಾಗತ್ತೆ ಅನ್ನೋದನ್ನ ಹುಡುಕೋ ಕೆಲಸದಲ್ಲಿ ಅದಕ್ಕೆ ಹೆಸರಿದೆ. ಇಂಥದ್ದರಲ್ಲಿ ಆಸಕ್ತಿ ಇದ್ರೆ ಹಂಸಕ್ಕಿಂತ ದೊಡ್ಡ ಕಾರಣ ನಿಮಗೆ ಸಿಕ್ತು ಅಂತ ತಿಳ್ಕೊಳ್ಳಿ, ಅಣ್ಣನ ಬಾಯಿ ಅಲ್ಲೇ ಮುಚ್ಚಬಹುದು. ಆದ್ರೆ ಅಕೌಂಟ್ಸಿಂದ ಫೈನಾನ್ಸ್ ಕಡೆ ಹೋಗ್ಬೇಕು ಅಂತಿದ್ರೆ ಆ ಇನ್‌ಸ್ಟಿಟ್ಯೂಟಿಂದ ನಿಮಗೆ ಉಪಯೋಗ ಕಮ್ಮಿ. ಕೋರ್ಸ್ ಪೇಜ್ ತೆಗೆದು ಮಾಡ್ಯೂಲ್ (ಅಂದ್ರೆ ಒಂದೊಂದು ವಿಷಯದ ಪಾಠ) ಪಟ್ಟಿ ಓದಿ, ಬರೀ ಹೆಸರಲ್ಲ, ಯಾವುದು ಕಡ್ಡಾಯ, ಯಾವುದು ಆಪ್ಷನಲ್, ಕೆಳಗೆ ಸಣ್ಣಕ್ಷರದಲ್ಲಿ "ಈ ವರ್ಷ ಇರಬಹುದು, ಇಲ್ಲದಿರಬಹುದು" ಅನ್ನೋ ಥರದ ಸಾಲು ಇದ್ಯಾ ಅಂತ. ನಿಮ್ಮ ಮನಸ್ಸು ಗೆದ್ದ ಮಾಡ್ಯೂಲ್ ಆ ಸಾಲಿನ ಕೆಳಗೆ ಬಂದ್ರೆ ಅದನ್ನ ಲೆಕ್ಕದಿಂದ ತೆಗೆದು ಮಿಕ್ಕಿದ್ದನ್ನ ತೂಗಿ.

ಅಕ್ರೆಡಿಟೇಷನ್, ಅಂದ್ರೆ ಹೊರಗಿನ ಸಂಸ್ಥೆ ಗುಣಮಟ್ಟ ನೋಡಿ ಕೊಡೋ ಮಾನ್ಯತೆ, ಇದರ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಬಿಸಿನೆಸ್ ಸ್ಕೂಲ್‌ಗಳಿಗೆ ಮೂರು ದೊಡ್ಡ ಮುದ್ರೆ: ಅಮೆರಿಕಾದ ಎಎಸಿಎಸ್‌ಬಿ, ಯುರೋಪಿನ ಇಕ್ವಿಸ್, ಲಂಡನ್ನಿನ ಆಂಬಾ. ಮೂರೂ ಇರೋದಕ್ಕೆ ಟ್ರಿಪಲ್ ಕ್ರೌನ್ ಅಂತಾರೆ, ಪ್ರಪಂಚದಲ್ಲಿ ಸುಮಾರು ನೂರರಲ್ಲಿ ಒಂದು ಸ್ಕೂಲಿಗೆ ಸಿಕ್ಕಿದೆ. ಲ್ಯಾಂಕಾಸ್ಟರ್‌ಗೆ ಇದೆ, ಅದೂ ಹಸಿರು ಕ್ಯಾಂಪಸ್ಸೇ, ವಾರ್ವಿಕ್‌ಗೂ ಇದೆ, ಗ್ಲಾಸ್ಗೋ ಸಿಟಿ ಒಳಗಿರೋ ಸ್ಟ್ರಾತ್‌ಕ್ಲೈಡ್‌ಗೂ ಇದೆ. ಅಂದ್ರೆ ಚೆಂದದ ಜಾಗಕ್ಕೂ ಗಟ್ಟಿ ಸ್ಕೂಲಿಗೂ ವೈರತ್ವ ಇಲ್ಲ. ನಿಮ್ಮ ಎರಡೂ ಆಫರ್‌ಗೆ ಈ ಮೂರು ಸಂಸ್ಥೆಗಳ ಪಟ್ಟಿಲಿ ನೀವೇ ಹೆಸರು ಹುಡುಕಿ, ಏಜೆಂಟ್ ಬಾಯಿಮಾತು ಬೇಡ. ಆಂಬಾ ಮುದ್ರೆ ಮುಖ್ಯವಾಗಿ ಎಂಬಿಎ ಕೋರ್ಸಿಗೆ, ಅದಕ್ಕೆ ಮೂರು ವರ್ಷ ಅನುಭವ ಇರೋರನ್ನ ತಗೋಬೇಕು ಅನ್ನೋ ನಿಯಮ ಇದೆ, ನಿಮಗೆ ಎರಡೇ ವರ್ಷ, ಹಾಗಾಗಿ ಎಂಎಸ್ಸಿ ಆಫರ್ ಬಂದಿದ್ದು ಸರಿಯಾಗೇ ಇದೆ, ಎಂಬಿಎ ಸಿಕ್ಕಿಲ್ಲ ಅಂತ ಬೇಜಾರಾಗ್ಬೇಡಿ.

"ನಮ್ಮಲ್ಲಿ ಓದಿದ ಇಷ್ಟು ಪರ್ಸೆಂಟ್ ಜನಕ್ಕೆ ಕೆಲಸ" ಅನ್ನೋ ಅಂಕಿ ಎಲ್ಲಾ ಕಡೆ ಕಾಣತ್ತೆ. ಅದು ಸಾಮಾನ್ಯವಾಗಿ ಕೋರ್ಸ್ ಮುಗಿದು 15 ತಿಂಗಳಿಗೆ ಮಾಡೋ ಗ್ರಾಜುಯೇಟ್ ಔಟ್‌ಕಮ್ಸ್ ಅನ್ನೋ ಸರ್ವೆಯಿಂದ ಬಂದಿರತ್ತೆ. ಎಷ್ಟೋ ಸಲ ಆ ಪರ್ಸೆಂಟಲ್ಲಿ "ಕೆಲಸ ಅಥವಾ ಮುಂದಿನ ಓದು" ಎರಡೂ ಸೇರಿರತ್ತೆ, ಡಿಗ್ರಿಯವರು ಮಾಸ್ಟರ್ಸ್‌ನವರು ಬೆರೆತಿರ್ತಾರೆ, ಸ್ಥಳೀಯರು ಹೊರದೇಶದವರು ಬೆರೆತಿರ್ತಾರೆ. ನಿಮಗೆ ಬೇಕಾಗಿರೋದು ಅದಲ್ಲ. ಎರಡೂ ಯೂನಿವರ್ಸಿಟಿಯ ಕರಿಯರ್ಸ್ ಆಫೀಸಿಗೆ ಒಂದು ಮೇಲ್ ಹಾಕಿ: ಹೋದ ವರ್ಷ ಇದೇ ಎಂಎಸ್ಸಿ ಮುಗಿಸಿದ ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಸ್ಪಾನ್ಸರ್ ಮಾಡೋ ಕಂಪನಿ ಸೇರಿದ್ರು, ಮತ್ತೆ ಸೆಪ್ಟೆಂಬರಿಂದ ನವೆಂಬರ್ ತನಕ ಕ್ಯಾಂಪಸ್ಸಿಗೆ ಬಂದ ಎಂಪ್ಲಾಯರ್‌ಗಳು ಯಾರ್ಯಾರು. ಎರಡೇ ಪ್ರಶ್ನೆ. ಉದ್ದದ ಮೇಲಲ್ಲಿ "ನಮ್ಮ ಕ್ಯಾಂಪಸ್ ರಮಣೀಯವಾಗಿದೆ" ಅಂತ ಉತ್ತರ ಬಂದ್ರೆ ಅದೂ ಒಂದು ಉತ್ತರಾನೇ.

ನನ್ನ ಅಭಿಪ್ರಾಯ ನೇರವಾಗಿ ಕೇಳಿದ್ರೆ: ನಿಮ್ಮ ಪ್ರಶ್ನೆ ಓದಿದ್ರೆ ನೀವು ಅಲ್ಲಿ ಉಳಿಯೋ ಮಾತು ಒಂದು ಕಡೇನೂ ಆಡಿಲ್ಲ, ಎರಡು ವರ್ಷದ ಅಕೌಂಟ್ಸ್ ಅನುಭವ ಇದೆ, ವಾಪಸ್ ಬಂದ್ರೂ ಕೈಲಿ ಕಸುಬಿದೆ. ಹಾಗಿದ್ರೆ ಮಾಡ್ಯೂಲ್ ಹೊಂದಿದ್ರೆ ಸ್ಟರ್ಲಿಂಗಿಗೆ ಹೋಗಿ, ಹಾಯಾಗಿ ಹೋಗಿ. ಆದ್ರೆ ದೊಡ್ಡ ಸಾಲ ತಗೊಂಡು, ಅದನ್ನ ಪೌಂಡಲ್ಲೇ ತೀರಿಸ್ಬೇಕು ಅನ್ನೋ ಲೆಕ್ಕ ಮನೇಲಿ ನಡೀತಿದ್ರೆ ನಾನು ಗ್ಲಾಸ್ಗೋ ಕಡೆ ವಾಲ್ತೀನಿ, ಬೆಟ್ಟ ನೋಡೋಕೆ ಶನಿವಾರ ಟ್ರೈನ್ ಹತ್ತಿದ್ರಾಯ್ತು, ವಾಲೇಸ್ ಸ್ಮಾರಕದ 246 ಮೆಟ್ಟಿಲು ಎಲ್ಲೂ ಓಡಿಹೋಗಲ್ಲ. ಡೆಪಾಸಿಟ್ ಕಟ್ಟೋ ಕೊನೇ ದಿನ ಯಾವಾಗ ಅಂತ ನೋಡ್ಕೊಂಡು ಅದಕ್ಕೆ ಮುಂಚೆ ಆ ಎರಡು ಮೇಲ್ ಹಾಕಿ.

ಇನ್ನು ಹಾಸ್ಟೆಲ್ಲೋ ರೂಮೋ. ಮೊದಲ ವರ್ಷ, ಇರೋದೇ ಒಂದು ವರ್ಷ, ಕ್ಯಾಂಪಸ್ ಒಳಗೇ ಇರಿ ಅಂತೀನಿ, ಸ್ವಲ್ಪ ದುಬಾರಿ ಅನ್ಸಿದ್ರೂ. ಅಲ್ಲೇ ಮ್ಯಾಕ್‌ರಾಬರ್ಟ್ ಅನ್ನೋ ಥಿಯೇಟರ್ ಇದೆ, ಸಿನಿಮಾನೂ ಹಾಕ್ತಾರೆ, ಕತ್ತಲೆ ಸಂಜೆ ಕಳಿಯೋಕೆ ಒಂದು ದಾರಿ. ಹೊರಗೇ ಬೇಕು ಅಂದ್ರೆ ಪಕ್ಕದ ಬ್ರಿಡ್ಜ್ ಆಫ್ ಅಲನ್ ಅನ್ನೋ ಊರು ನೋಡಿ, ಕ್ಯಾಂಪಸ್ಸಿಗೆ ನಡೆದು ಬರಬಹುದು, ಅಲ್ಲಿ ರೈಲ್ವೆ ಸ್ಟೇಷನ್ನೂ ಇದೆ, ಸಿಟಿಗೆ ಇಂಟರ್‌ವ್ಯೂಗೆ ಹೋಗೋ ದಿನ ಬಸ್ಸಿನ ಹಂಗಿರಲ್ಲ, ನನ್ನ ಕಥೆ ನಿಮಗಾಗಲ್ಲ. ಎಲ್ಲೇ ಇದ್ರೂ ಟೋಪಿ ಇರೋ ಒಳ್ಳೇ ಜಾಕೆಟ್ ತಗೊಳ್ಳಿ. ಛತ್ರಿ ಬೇಡ, ಆ ಕೆರೆ ಕಡೆಯಿಂದ ಬೀಸೋ ಗಾಳಿಗೆ ಒಂದೇ ವಾರದಲ್ಲಿ ಉಲ್ಟಾ ಆಗಿ ಕಡ್ಡಿ ಮಾತ್ರ ಉಳಿಯತ್ತೆ.